ನರ್ಸಣ್ಣನಿಗೆ ಹತ್ತಕ್ಕೆ ಒಂದು

ಎಲ್ಲ ತಕರಾರಿಗೂ ಮೂಲ ಒಂದು ಬೂಟಿನ ಡಬ್ಬ. ಮೇಟ್ರನ್ ಮೇಡಂ ಹೊಸ ಬೂಟನ್ನು ತಮ್ಮ ಕಾಲಿಗೆ ಹಾಕಿಕೊಂಡರು, ಡಬ್ಬಕ್ಕೆ ಬಿಳಿ ಕಾಗದ ಸುತ್ತಿದರು, ಮುಚ್ಚಳದಲ್ಲಿ ಬ್ಲೇಡಿನಿಂದ ಒಂದು ಸೀಳು ಕೊಯ್ದು ಆರೈಕೆ ಕೇಂದ್ರದ ಹಜಾರದ ಮೇಜಿನ ಮೇಲೆ ಇಟ್ಟರು. ಪಕ್ಕದಲ್ಲಿ ಹನ್ನೆರಡು ಚೀಟಿ. ಗೋಡೆಯ ಮೇಲೆ ಒಂದು ಸೂಚನೆ.

ಸೂಚನೆಯ ಸಾರ ಇಷ್ಟು. ಹಿರಿಯರ ಶುಶ್ರೂಷೆಯ ವಿಶೇಷ ತರಬೇತಿಗೆ ಇಲ್ಲಿಂದ ಒಬ್ಬ ನರ್ಸನ್ನು ಆರು ತಿಂಗಳು ಬೇರೆ ಊರಿಗೆ ಕಳಿಸಲಾಗುವುದು. ಅಭ್ಯರ್ಥಿಗಳು ಇಬ್ಬರು. ಹನ್ನೆರಡು ಮಂದಿ ನಿವಾಸಿಗಳೂ ಇಬ್ಬರಿಗೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಕಾರಣ ಬರೆದು ಡಬ್ಬಕ್ಕೆ ಹಾಕಬೇಕು. ಹೆಚ್ಚು ಅಂಕ ಬಂದವರು ಬರುವ ಸೋಮವಾರವೇ ಹೊರಡಬೇಕು. ಕೊನೆಯ ಸಾಲು: ತರಬೇತಿ ಮುಗಿಸಿ ಬಂದವರೇ ಇಲ್ಲಿನ ಮೇಲ್ವಿಚಾರಕರು.

ಇದನ್ನೆಲ್ಲ ಆಫೀಸಿನವರು ಇರುವೆಯ ಮೆರವಣಿಗೆಯಂಥ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ನೋಡಿ, ಆ ಇಬ್ಬರಲ್ಲಿ ಒಬ್ಬನಾದ ನರ್ಸಣ್ಣನಿಗೆ ಕೆಡುಕೆನಿಸಿತು. ಎಂಬತ್ತು ದಾಟಿದ ಕಣ್ಣು ಇದನ್ನು ಓದುವುದುಂಟೆ? ಒಂದು ದೊಡ್ಡ ಹಾಳೆ ತಂದು, ದಪ್ಪ ಪೆನ್ನಿನಲ್ಲಿ ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ನಕಲು ಮಾಡಿದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿತ್ತು. ಇನ್ನೊಂದು ಹಾಳೆ ತರಬಹುದಿತ್ತು. ಆದರೆ ತಾನು ಮೇಲ್ವಿಚಾರಕನಾಗುವ ಸುದ್ದಿಯನ್ನು ತಾನೇ ಅಷ್ಟು ದಪ್ಪಗೆ ಬರೆಯಲು ಅವನಿಗೆ ನಾಚಿಕೆಯಾಯಿತು. ಬಿಟ್ಟ. ಬರೆದಷ್ಟನ್ನು ಅಚ್ಚಿನ ಸೂಚನೆಯ ಮೇಲೆಯೇ ಅಂಟಿಸಿ, ಕಣ್ಣು ಕಾಣದ ಕಿಟಕಿ ಅಜ್ಜಿಗೆ ಎರಡೆರಡು ಸಲ ಓದಿಯೂ ಹೇಳಿದ.

ನರ್ಸಣ್ಣ ಎಂಬುದು ಅಲ್ಲಿನ ಮುದುಕರು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಅವನಿಗೆ ರಾತ್ರಿ ಪಾಳಿ. ನಡುಗುವ ಕೈಗೆ ಚಮಚ ಹಿಡಿಸುವುದು ಹೇಗೆ, ಮರೆವಿನವರು ‘ಮನೆಗೆ ಹೊರಟೆ’ ಅಂತ ಚೀಲ ಹಿಡಿದು ನಿಂತರೆ ಏನು ಹೇಳಬೇಕು, ಎಲ್ಲವನ್ನೂ ಅವನು ತಪ್ಪು ಮಾಡಿ ಮಾಡಿ ಕಲಿತಿದ್ದ. ಒಮ್ಮೆಯಾದರೂ ಬಲ್ಲವರಿಂದ ಕಲಿಯಬೇಕು ಅಂತ ಆಸೆ. ಮೇಲ್ವಿಚಾರಕನಾದರೆ ಹಗಲು ಪಾಳಿಯೂ ಸಿಗುತ್ತದೆ. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಿರಿ ಅಂದಾಗ ಅವನ ಮಗಳು ಅಮ್ಮನನ್ನು ನಿಲ್ಲಿಸಿ, ಅಪ್ಪನನ್ನು ಅಡ್ಡ ಮಲಗಿಸಿ ಬರೆದಿದ್ದಳು. ಹಗಲಲ್ಲಿ ಅವಳು ಕಂಡ ಅಪ್ಪ ಅಷ್ಟೇ. ಆ ಚಿತ್ರವನ್ನು ಹೆಂಡತಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು, ಬೇಕಂತಲೇ.

ಅಂಕದ ದಿನ ಬೆಳಗ್ಗೆ ಅವಳೇ ಅನುಮಾನದ ಬೀಜ ಬಿತ್ತಿದಳು.

“ತರಬೇತಿ ತರಬೇತಿ ಅಂತ ಕುಣೀತಿದ್ದೀರಲ್ಲ, ತರಕಾರಿ ತರೋಕೆ ಕಳಿಸಿದ್ರೂ ಕೊಳೆತದ್ದನ್ನು ತಲೆಗೆ ಕಟ್ಟಿ ಕಳಿಸ್ತಾರೆ ನಿಮಗೆ. ಆ ಇನ್ನೊಬ್ಬ ಏನು ಮಾಡ್ತಿದ್ದಾನೆ ನೋಡಿದ್ರಾ?”

“ಅವನು ಏನೂ ಮಾಡ್ತಿಲ್ಲ ಕಣೇ.”

“ಹಾಗಾದ್ರೆ ಎಲ್ಲ ಮಾಡಿ ಮುಗಿಸಿದ್ದಾನೆ ಅಂತ,” ಅಂದಳು ಹೆಂಡತಿ.

ಆ ಇನ್ನೊಬ್ಬನ ಹೆಸರು ಬಿರುಗಾಳಿ. ಇದೂ ಮುದುಕರೇ ಇಟ್ಟದ್ದು. ಬೆಳಗ್ಗೆ ಐದಕ್ಕೆ ಎಲ್ಲ ದೀಪ ಒಟ್ಟಿಗೆ ಹಾಕಿ, ಹನ್ನೆರಡು ಹೊದಿಕೆಯನ್ನೂ ಹನ್ನೆರಡು ಸೆಕೆಂಡಿನಲ್ಲಿ ಎಳೆಯುವವನು ಅವನು. ಅವನು ಇಂಜೆಕ್ಷನ್ ಕೊಟ್ಟರೆ ಗೋಡೆಗೆ ಮೊಳೆ ಹೊಡೆದಂತೆ. ಗಾಲಿಕುರ್ಚಿಗೆ ಕೂರಿಸಿದರೆ ಲಾರಿಗೆ ಮೂಟೆ ಹಾಕಿದಂತೆ. ಕೆಟ್ಟವನಲ್ಲ, ಅವಸರದವನು. ಇಂಥವನ ಎದುರು ಗೆಲ್ಲಲು ತಂತ್ರ ಬೇಕಿರಲಿಲ್ಲ. ಅದಕ್ಕೇ ನರ್ಸಣ್ಣನಿಗೆ ಭಯ ಹುಟ್ಟಿತು.

ಆ ದಿನಕ್ಕೆಂದೇ ಬೇಡಿ ಹಗಲು ಪಾಳಿ ಹಾಕಿಸಿಕೊಂಡು ಬಂದವನಿಗೆ ಬಾಗಿಲಲ್ಲೇ ಬಿರುಗಾಳಿ ಸಿಕ್ಕಿದ. ತನಗೆ ಈ ತರಬೇತಿ ಗಿರಬೇತಿ ಬೇಡವೇ ಬೇಡ, ಎರಡನೆಯ ಹೆಸರು ಬೇಕೆಂದು ಮೇಡಂ ತನ್ನದನ್ನು ತುರುಕಿದ್ದಾರೆ, ನೀನೇ ಹೋಗಿ ಬಾ ಗುರುವೇ ಅಂತ ಬೆನ್ನು ತಟ್ಟಿದ. ಬೆನ್ನು ಐದು ನಿಮಿಷ ಉರಿಯಿತು. ಇಷ್ಟು ಸಲೀಸಾಗಿ ಬಿಟ್ಟುಕೊಡುವವನು ಒಳಗೆ ಏನನ್ನೋ ಬಿಗಿಯಾಗಿ ಹಿಡಿದಿರಬೇಕು ಅಂತ ನರ್ಸಣ್ಣ ಲೆಕ್ಕ ಹಾಕಿದ.

ಒಳಗೆ ಹೋದರೆ ಇನ್ನೊಂದು ವಿಚಿತ್ರ. ಹಜಾರದ ಮೂಲೆಯಲ್ಲಿ ಹನ್ನೆರಡು ನೆರೆತ ತಲೆಗಳು ಗುಂಪಾಗಿ ಪಿಸುಗುಟ್ಟುತ್ತಿದ್ದವು. ಕಿವಿ ಕೇಳದವರ ಪಿಸುಮಾತು ರಸ್ತೆಯವರೆಗೆ ಕೇಳಬೇಕು. ಇವರದು ಕೇಳಲಿಲ್ಲ ಅಂದರೆ ಗುಟ್ಟು ಎಷ್ಟು ದೊಡ್ಡದಿರಬೇಕು. ಅವನನ್ನು ಕಂಡದ್ದೇ ಎಲ್ಲರೂ ಛಾವಣಿ ನೋಡತೊಡಗಿದರು. ಮೊದಲು ಚೇತರಿಸಿಕೊಂಡವರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದ ರೈಲ್ವೆ ತಾತ. ಅವರಿಗೆ ಇಂದಿಗೂ ಎಲ್ಲವನ್ನೂ ಸ್ಟೇಷನ್ನಿನ ಧ್ವನಿವರ್ಧಕದಂತೆಯೇ ಹೇಳಿ ಅಭ್ಯಾಸ.

“ಪ್ರಯಾಣಿಕರ ಗಮನಕ್ಕೆ. ನರ್ಸಣ್ಣ ಈಗ ಒಂದನೇ ಪ್ಲಾಟ್‌ಫಾರ್ಮಿಗೆ ಬಂದು ಸೇರಿದ್ದಾನೆ. ಮಾತು ಇಲ್ಲಿಗೆ ಮುಗಿಯುತ್ತದೆ.”

ಗುಂಪು ಚದುರಿತು. ಅಷ್ಟರಲ್ಲಿ ಬಿರುಗಾಳಿ ಬಂದ. ಅವನನ್ನು ಕಂಡರೆ ಹೊದಿಕೆ ಎಳೆದುಕೊಳ್ಳುತ್ತಿದ್ದ ಮುದುಕರು ಅವತ್ತು ಬಾ ಮಗಾ, ಕೂತ್ಕೋ ಮಗಾ, ಸುಸ್ತಾಯಿತೇನೋ ಅಂತ ಉಪಚರಿಸಿದರು. ಒಬ್ಬರಂತೂ ತಮ್ಮ ಪಾಲಿನ ಬಿಸ್ಕತ್ತು ಕೊಟ್ಟರು. ಆ ಬಿಸ್ಕತ್ತಿಗಾಗಿ ಅವರು ದಿನವೂ ಜಗಳವಾಡುತ್ತಿದ್ದರು. ನರ್ಸಣ್ಣನ ಅನುಮಾನಕ್ಕೆ ಆ ಬಿಸ್ಕತ್ತೇ ಸಾಕ್ಷಿಯಾಯಿತು.

ಎದುರಾಳಿ ಅಡ್ಡದಾರಿ ಹಿಡಿದರೂ ತಾನು ಸೇವೆಯಿಂದಲೇ ಗೆಲ್ಲಬೇಕು ಅಂತ ತೀರ್ಮಾನಿಸಿ, ನರ್ಸಣ್ಣ ಸೊಂಟ ಕಟ್ಟಿದ. ರೈಲ್ವೆ ತಾತನನ್ನು ಅಂಗಳದಲ್ಲಿ ಒಂದರ ಬದಲು ಮೂರು ಸುತ್ತು ನಡೆಸಿದ. ನಿವೃತ್ತ ಮೇಷ್ಟ್ರಿಗೆ ಪತ್ರಿಕೆಯನ್ನು ಟೆಂಡರ್ ಪ್ರಕಟಣೆಯ ಸಮೇತ ಓದಿದ. ಒಬ್ಬರ ಬೆನ್ನುಜ್ಜಿ, ಇನ್ನೊಬ್ಬರ ಹಲ್ಲಿನ ಸೆಟ್ಟನ್ನು ಮುತ್ತಿನಂತೆ ತೊಳೆದು, ಕಿಟಕಿ ಅಜ್ಜಿಯ ಕಾಲುಗುರು ಕತ್ತರಿಸಲು ಕೂತ. ಅಜ್ಜಿಯ ಮಂಚ ಕಿಟಕಿಯ ಪಕ್ಕ. ಕಣ್ಣು ಕಾಣದಿದ್ದರೂ ಬಿಸಿಲು ಬಂದದ್ದು ಗೊತ್ತಾಗುತ್ತದೆ ಅಂತ ಅಲ್ಲಿಗೆ ಹಾಕಿಸಿದವನೂ ಅವನೇ.

ಉಗುರು ಕತ್ತರಿಸುತ್ತಿದ್ದಂತೆ ಅಜ್ಜಿಯ ಕಣ್ಣಲ್ಲಿ ನೀರು ಇಳಿಯಿತು. ಚರ್ಮ ತಾಗಿತೇ ಅಂತ ಅವನು ಗಾಬರಿಯಾದ. ಇಲ್ಲ ಕಣಪ್ಪಾ ಅಂದ ಅಜ್ಜಿ, ದಿಂಬಿನಡಿಯಿಂದ ಚೀಟಿ ತೆಗೆದಳು.

“ನನಗೆ ಬರೆಯೋಕಾಗಲ್ಲ. ನೀನೇ ಬರಿ. ಆದ್ರೆ ನಾನು ಹೇಳಿದ್ದನ್ನೇ ಬರೀಬೇಕು, ಆಣೆ.”

“ಹೇಳಿ ಅಜ್ಜಿ.”

“ಬಿರುಗಾಳಿಗೆ ಹತ್ತು.”

ನರ್ಸಣ್ಣ ಬರೆದ.

“ನಿನಗೆ…” ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು. “ಒಂದು. ಸೊನ್ನೆ ಅಂತ ಹೇಳೋಕೆ ಬಾಯಿ ಬರ್ತಿಲ್ಲ. ಕಾರಣ, ಕೈ ಒರಟು ಅಂತ ಬರಿ.”

ಆ ಒರಟು ಕೈಯಲ್ಲಿ ಅವಳ ಪಾದ ಹೂವಿನಂತೆ ಕೂತಿತ್ತು. ನರ್ಸಣ್ಣ ಒಂದನ್ನು ಏಳು ಮಾಡಬಹುದಿತ್ತು, ಹತ್ತೂ ಮಾಡಬಹುದಿತ್ತು, ಅಜ್ಜಿಗೆ ಎಲ್ಲಿ ಕಾಣುತ್ತದೆ? ಆದರೆ ಆಣೆ ಹಾಕಿದ್ದಳು. ತನ್ನ ಕೈಯಾರೆ ತನಗೆ ಒಂದು ಬರೆದು, ಕಾರಣವನ್ನೂ ತಪ್ಪಿಲ್ಲದೆ ಬರೆದು, ಡಬ್ಬಕ್ಕೆ ಹಾಕಿ ಬಂದ. ಬಂದ ಮೇಲೆ ತಲೆ ಓಡಿತು. ಅಳುತ್ತ ಅಂಕ ಕೊಡುವವರು ಯಾರು? ಹೆದರಿದವರು. ಹೆದರಿಸಿದವನು ಯಾರು? ಅದನ್ನು ಯಾರಾದರೂ ಹೇಳಿಕೊಡಬೇಕೆ?

ಬಿರುಗಾಳಿಯನ್ನು ಸಾಕ್ಷಿ ಸಮೇತ ಹಿಡಿಯಬೇಕು ಅಂತ, ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಹಜಾರದ ಬಟ್ಟೆ ಬೀರುವಿನೊಳಗೆ ಹೊಕ್ಕು, ಮಡಿಸಿದ ಬೆಡ್‌ಶೀಟುಗಳ ನಡುವೆ ತಾನೂ ಮಡಿಚಿ ಕೂತ. ಬಾಗಿಲ ಸಂದಿಯಿಂದ ಡಬ್ಬ ಕಾಣುತ್ತಿತ್ತು. ಆದರೆ ಬಿರುಗಾಳಿ ಬರಲೇ ಇಲ್ಲ. ಬಂದವರು ಮೇಷ್ಟ್ರು. ಡಬ್ಬದ ಪಕ್ಕ ಕುರ್ಚಿ ಹಾಕಿಕೊಂಡು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಸಾಲಾಗಿ ಬಂದವರ ಚೀಟಿಗಳನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ತಿದ್ದತೊಡಗಿದರು.

“ನರ್ಸಣ್ಣನಿಗೆ ಆರು ಯಾಕೆ ಕೊಟ್ಟೆ? ಕನಿಕರ ತೋರಿಸೋ ಹೊತ್ತೇನಯ್ಯ ಇದು? ಎರಡಕ್ಕಿಳಿಸು. ಕಾರಣ ಎಲ್ಲಿ? ‘ಒಳ್ಳೆಯ ಹುಡುಗ’ ಅಂತ ಬರೆದು ಎರಡು ಕೊಟ್ಟರೆ ಮೇಡಂ ನಂಬ್ತಾರಾ? ಹೊಡೆದು ಹಾಕು.”

ರೈಲ್ವೆ ತಾತ ಗೊಣಗಿದರು. ಇವತ್ತು ತಾನೇ ಮೂರು ಸುತ್ತು ನಡೆಸಿದ್ದಾನೆ, ಸೊನ್ನೆ ಕೊಡೋಕೆ ಕೈ ಬರಲ್ಲ ಅಂತ.

“ಅದಕ್ಕೇ ಕೊಡ್ಬೇಕು,” ಅಂದರು ಮೇಷ್ಟ್ರು.

ಬೀರುವಿನೊಳಗೆ ನರ್ಸಣ್ಣನ ರಕ್ತ ಕುದಿಯಿತು. ಬಿರುಗಾಳಿ ಮೇಷ್ಟ್ರನ್ನೇ ಏಜೆಂಟ್ ಮಾಡಿಕೊಂಡಿದ್ದಾನೆ. ಇನ್ನಷ್ಟು ಕೇಳಲೆಂದು ಮುಂದಕ್ಕೆ ಬಾಗಿದ. ನುಸಿಗುಳಿಗೆಯ ಘಾಟು ಮೂಗಿಗೇರಿತು. ಸೀನು ಬಂತು. ಸೀನಿನ ಹಿಂದೆ ಬಾಗಿಲು, ಬಾಗಿಲಿನ ಹಿಂದೆ ನರ್ಸಣ್ಣ, ನರ್ಸಣ್ಣನ ಹಿಂದೆ ನಲವತ್ತು ಬೆಡ್‌ಶೀಟು, ಎಲ್ಲವೂ ಕ್ರಮವಾಗಿ ಹಜಾರಕ್ಕೆ ಬಂದು ಬಿದ್ದವು. ಸದ್ದಿಗೆ ಮೇಟ್ರನ್ ಹೊಸ ಬೂಟು ಟಕಟಕಿಸುತ್ತ ಓಡಿ ಬಂದರು.

ಬೆಡ್‌ಶೀಟಿನ ರಾಶಿಯೊಳಗಿಂದಲೇ ನರ್ಸಣ್ಣ ದೂರು ಕೊಟ್ಟ. ಬಿರುಗಾಳಿ ಈ ಮುದುಕರನ್ನೆಲ್ಲ ಹೆದರಿಸಿ ಅಂಕ ಬರೆಸುತ್ತಿದ್ದಾನೆ, ಬೇಕಿದ್ದರೆ ಇವರನ್ನೇ ಕೇಳಿ ಅಂದ. ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಹನ್ನೆರಡು ಮಂದಿಯೂ ಒಂದೇ ಬಾಯಲ್ಲಿ ಬಿರುಗಾಳಿ ಬಂಗಾರ ಅಂದರು. ಇಂಜೆಕ್ಷನ್ ಅಂದರೆ ಸೊಳ್ಳೆ ಕೂತು ಎದ್ದ ಹಾಗೆ ಅಂತ ಒಬ್ಬರು ಹೇಳುವಾಗ ಅವರ ತೋಳಿನಲ್ಲಿ ನಿನ್ನೆಯ ಇಂಜೆಕ್ಷನ್ನಿನ ಗುರುತು ನಿಂಬೆಹಣ್ಣಿನಷ್ಟು ಊದಿತ್ತು. ಅವರು ಅದರ ಮೇಲೆ ಟವೆಲು ಎಳೆದುಕೊಂಡರು.

ಸಹೋದ್ಯೋಗಿಯ ಮೇಲೆ ಸುಳ್ಳು ದೂರು ಹೇಳಿದ್ದಕ್ಕೆ ನರ್ಸಣ್ಣನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಬೆಳಗ್ಗೆ ಬರೀ ಅನುಮಾನವಿದ್ದವನ ಕೈಯಲ್ಲಿ ಮಧ್ಯಾಹ್ನಕ್ಕೆ ಅವಮಾನವೂ ಇತ್ತು. ಎಚ್ಚರಿಕೆ ಪತ್ರಕ್ಕೆ ಸಹಿ ಮಾಡಿ, ಬೆಡ್‌ಶೀಟು ನಲವತ್ತನ್ನೂ ಅವನೇ ಮಡಿಸಿದ.

ನಾಲ್ಕು ಗಂಟೆಗೆ ಡಬ್ಬ ತೆರೆದರು. ಬಿರುಗಾಳಿಗೆ ನೂರಿಪ್ಪತ್ತಕ್ಕೆ ನೂರಿಪ್ಪತ್ತು. ನರ್ಸಣ್ಣನಿಗೆ ಹದಿನಾರು. ಕಾರಣಗಳನ್ನು ಓದುವಾಗ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಕರೆದರೂ ಬರುವುದಿಲ್ಲ.’ ‘ನಗುವುದಿಲ್ಲ.’ ‘ನಡೆಸಿ ನಡೆಸಿ ಕೊಲ್ಲುತ್ತಾನೆ.’ ಇದು ರೈಲ್ವೆ ತಾತನದು.

ಇಷ್ಟರ ನಡುವೆ ಯಾರೂ ನಿರೀಕ್ಷಿಸದ್ದು ನಡೆಯಿತು. ಬಿರುಗಾಳಿ ನಿಂತಲ್ಲೇ ನಿಂತ. ಅವನ ಜೀವನದಲ್ಲಿ ಅದೇ ಮೊದಲು.

“ಮುಂದಿನ ತಿಂಗಳು ಕೆಲಸ ಬಿಟ್ಟು ಭಾವನ ಟೈರ್ ಅಂಗಡಿಗೆ ಸೇರ್ಕೊಳ್ಳೋಣ ಅಂತಿದ್ದೆ ಮೇಡಂ. ಇಷ್ಟು ಪ್ರೀತಿ ಇಟ್ಟಿದ್ದಾರೆ ಅಂತ ಗೊತ್ತೇ ಇರಲಿಲ್ಲ. ಇನ್ನು ಎಲ್ಲಿಗೂ ಹೋಗಲ್ಲ. ತರಬೇತಿ ಮುಗಿಸಿ ಬಂದು ಇವರ ಹತ್ರಾನೇ ಇರ್ತೀನಿ. ಕೊನೇ ಉಸಿರಿನವರೆಗೂ ಬಿಡಲ್ಲ.”

ಹನ್ನೆರಡು ಮುಖಗಳೂ ಸುಣ್ಣ ಬಳಿದಂತಾದವು.

“ಇರಲೇಬೇಕಲ್ಲಪ್ಪಾ,” ಅಂದರು ಮೇಡಂ. “ಬಂದ ಮೇಲೆ ಇಲ್ಲಿನ ಮೇಲ್ವಿಚಾರಕ ನೀನೇ. ಸೂಚನೆಯ ಕೊನೇ ಸಾಲು ಓದಿಲ್ವಾ?”

ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಮೇಷ್ಟ್ರು ಗೋಡೆಯ ಮೇಲಿನ ಕುಂಬಳಕಾಯಿ ಅಕ್ಷರಗಳನ್ನು ಕೊನೆಯವರೆಗೂ ಓದಿದರು. ಕೊನೆಯಲ್ಲಿ ‘ಸೋಮವಾರವೇ ಹೊರಡಬೇಕು’ ಅಂತ ಇತ್ತು, ಅದರ ಕೆಳಗೆ ಬರೀ ಗೋಡೆ.

ಸಂಜೆ ನರ್ಸಣ್ಣ ಯಾರ ಮುಖವನ್ನೂ ನೋಡದೆ ಚೀಲ ತೆಗೆದುಕೊಂಡು ಹೊರಟ. ಕಿಟಕಿ ಅಜ್ಜಿ ಹೆಜ್ಜೆಯ ಸದ್ದಿನಲ್ಲೇ ಗುರುತಿಸಿ ಅವನ ಅಂಗಿ ಹಿಡಿದಳು.

“ಬೈದುಬಿಡು ಮಗಾ. ಆದ್ರೆ ಕೇಳು. ನೀನು ಗೆದ್ದಿದ್ರೆ ಸೋಮವಾರ ಹೊರಟುಹೋಗ್ತಿದ್ದೆ. ರಾತ್ರಿ ನೀರು ಅಂದ್ರೆ ಎದ್ದು ಬರೋನು ನೀನೊಬ್ಬನೇ. ಆರು ತಿಂಗಳು ಅವನ ಕೈಗೆ ಸಿಕ್ಕಿದ್ರೆ ನಾವು ಉಳೀತೀವಾ? ನಮ್ಮ ವಯಸ್ಸಿಗೆ ಆರು ತಿಂಗಳು ಅಂದ್ರೆ ಎಷ್ಟು ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಅವನನ್ನೇ ಸಾಗಹಾಕಿ, ಒಂದಷ್ಟು ದಿನ ಮೈಕೈ ನೋವಿಲ್ಲದೆ ನಿನ್ನ ಜೊತೆ ಇರೋಣ ಅಂತ…”

ನರ್ಸಣ್ಣ ಮಂಚದ ತುದಿಯಲ್ಲಿ ಕುಸಿದು ಕೂತ. ಎಷ್ಟು ಚೆನ್ನಾಗಿ ನೋಡಿಕೊಂಡನೋ ಅಷ್ಟು ಅಂಕ ಹೋಗಿತ್ತು. ಬೆಳಗ್ಗೆ ಒಬ್ಬರಿಗಾದರೂ ಉಗುರಿನ ಜೊತೆ ಚರ್ಮವನ್ನೂ ಕತ್ತರಿಸಿದ್ದರೆ ಗೆಲ್ಲುತ್ತಿದ್ದ.

ಅಷ್ಟರಲ್ಲಿ ಉಳಿದವರೂ ಕೋಲು, ಗಾಲಿಕುರ್ಚಿಗಳ ಮೇಲೆ ಬಂದು ಮಂಚದ ಸುತ್ತ ಸೇರಿದ್ದರು. ಮೇಷ್ಟ್ರ ದನಿಯಲ್ಲಿ ಹಳೆಯ ತರಗತಿಯ ಗಡಸು.

“ಮೇಲ್ವಿಚಾರಕನ ವಿಷಯ ನೀನು ಯಾಕೆ ಬರೀಲಿಲ್ಲ?”

“ಹಾಳೆಯಲ್ಲಿ ಜಾಗ ಇರಲಿಲ್ಲ ಮೇಷ್ಟ್ರೆ.”

“ಇನ್ನೊಂದು ಹಾಳೆ ತರಬೇಕಿತ್ತು. ಅರ್ಧ ಬರೆದ ಉತ್ತರಕ್ಕೆ ಪೂರ್ತಿ ಸೊನ್ನೆ ಕಣಯ್ಯ.” ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. “ಈಗ ಸರಿಯಾಗಿ ಹೇಳು. ಇದಕ್ಕಿಂತ ದೊಡ್ಡ ತರಬೇತಿ ಯಾವುದಾದ್ರೂ ಉಂಟಾ?”

“ಉಂಟು. ಎರಡು ವರ್ಷದ್ದು, ಇನ್ನೂ ದೂರದ ಊರಲ್ಲಿ. ಆರು ತಿಂಗಳದ್ದು ಮುಗಿಸಿದವರು, ಇಲ್ಲೇ ಕೆಲಸದಲ್ಲಿರೋರು, ಇಬ್ಬರೂ ಅರ್ಜಿ ಹಾಕಬಹುದು. ಅದು ಮುಗಿಸಿದ್ರೆ ಇಡೀ ಸಂಸ್ಥೆಗೇ…”

“ಸಂಸ್ಥೆ ಕಟ್ಕೊಂಡು ನಮಗೇನಾಗ್ಬೇಕು. ಎರಡು ವರ್ಷ ತಾನೇ?”

ಹನ್ನೆರಡು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣು ಕಾಣದ ಅಜ್ಜಿಯೂ ತಲೆಯಾಡಿಸಿದಳು. ರೈಲ್ವೆ ತಾತ ಗಂಟಲು ಸರಿಪಡಿಸಿಕೊಂಡು, ಬಿರುಗಾಳಿ ಎಕ್ಸ್‌ಪ್ರೆಸ್ ಬರುತ್ತಿದ್ದಂತೆಯೇ ಅದೇ ಪ್ಲಾಟ್‌ಫಾರ್ಮಿನಿಂದ ಮತ್ತೆ ಹೊರಡಲಿದೆ ಎಂದು ಘೋಷಿಸಿದರು. ನರ್ಸಣ್ಣನ ಕಣ್ಣ ಮುಂದೆ ಅಡುಗೆಮನೆಯ ಬಾಗಿಲಿನ ಚಿತ್ರ ಬಂತು. ಅದರಲ್ಲಿ ಅಪ್ಪ ಮಗ್ಗುಲು ಕೂಡ ಬದಲಿಸಿರಲಿಲ್ಲ.

ಮೇಷ್ಟ್ರು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿ, ಅವನ ಭುಜದ ಮೇಲೆ ಕೈಯಿಟ್ಟು ಅಕ್ಕರೆಯಿಂದ ಹೇಳಿದರು:

“ಆಗ ನಿನಗೆ ಸೊನ್ನೆನೇ ಕೊಡ್ತೀವಿ ಕಣಪ್ಪಾ, ಬೇಜಾರು ಮಾಡ್ಕೋಬೇಡ. ಸೂಚನೆ ಮಾತ್ರ ಪೂರ್ತಿ ಬರಿ.”