ಟೈಲರ್ ಕಟ್ಟಿದ ಟೊಮೆಟೊ

ಗಿರಾಕಿಯ ಕೋಟನ್ನು ಅಂಗಡಿಯಲ್ಲೇ ಒಣಗಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಮ್ಮ ಟೈಲರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ನೀರು ತೊಟ್ಟಿಕ್ಕುವ ಕೋಟನ್ನು ಮನೆಗೆ ತಂದು ಬಾಲ್ಕನಿಯ ಹಗ್ಗಕ್ಕೆ ನೇತುಹಾಕಿದ. ಹಗ್ಗ ಹರಿಯಿತು. ಕೋಟು ಹೋಗಿ ಅಕ್ಕನ ಟೊಮೆಟೊ ಕುಂಡದ ಮೇಲೆ ಬೋರಲು ಬಿತ್ತು. ಹಳದಿಗೆ ತಿರುಗಿದ್ದ ಮೂರೇ ಮೂರು ಕಾಯಿ, ಮೂರೂ ಅಪ್ಪಚ್ಚಿ.

ಅವನು ಕೋಟು ಎತ್ತಿ ನೋಡಿ ತಲೆ ಚಚ್ಚಿಕೊಂಡ. ತಾಯಿ ಹೋದ ಮೇಲೆ ಅವನನ್ನು ಸಾಕಿ ಬೆಳೆಸಿದವಳು ಈ ಅಕ್ಕ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಊರಿಗೆ ಹೊರಟಾಗ, "ಕಾಯಿ ಜೋಪಾನ ಕಣೋ. ಹೊಸ ಕಣ್ಣಲ್ಲಿ ನನ್ನ ಹಣ್ಣನ್ನ ನೋಡ್ಬೇಕು" ಎಂದಿದ್ದಳು. ಇವತ್ತು ಸಂಜೆಯೇ ವಾಪಸು ಬರುವವಳಿದ್ದಳು.

ಟೈಲರ್ ಸೂಜಿ ತಂದು ಒಡೆದ ಕಾಯಿಗೆ ಹೊಲಿಗೆ ಹಾಕಿ ನೋಡಿದ. ಎರಡನೇ ಹೊಲಿಗೆಗೇ ರಸ ಚಿಮ್ಮಿ ಕನ್ನಡಕಕ್ಕೆ ಬಡಿಯಿತು.

"ಏನ್ರೀ, ಟೊಮೆಟೊಗೂ ಅಂಗಿ ಹೊಲೀತಿದೀರಾ?" ಪಕ್ಕದ ಬಾಲ್ಕನಿಯಿಂದ ಮೇಷ್ಟ್ರು ಇಣುಕಿದರು. ವಿಷಯ ಕೇಳಿ, "ಅಷ್ಟೇ ತಾನೆ? ಇದನ್ನ ಕಸದ ಗಾಡಿಗೆ ಹಾಕಿ, ಸಾಕ್ಷಿ ಇರಬಾರ್ದು. ಅಂಗಡಿಯಿಂದ ಕೆಂಪಗಿರೋ ಮೂರು ತಂದು ಕಟ್ಬಿಡಿ. ನಿಮ್ಮಕ್ಕ ಏನೇ ಕೇಳ್ಲಿ, ಹೌದು ಅನ್ನೋಕೆ ನಾನಿದ್ದೀನಿ" ಎಂದು ಧೈರ್ಯ ತುಂಬಿದರು.

ಹಾಗೇ ಆಯಿತು. ಒಡೆದ ಕಾಯಿಗಳು ಕಸದ ಗಾಡಿ ಹತ್ತಿ ಹೋದವು. ಟೈಲರ್ ಹಸಿರು ದಾರದಲ್ಲಿ ಮೂರು ಕೆಂಪು ಹಣ್ಣು ಕಟ್ಟಿದ. ಗುಂಡಿಯ ಕಾಜಾ ಹೊಲಿಯುವಾಗಲೂ ಅಷ್ಟು ನಾಜೂಕಾಗಿ ಕೈ ಓಡಿಸಿದವನಲ್ಲ. ಆದರೂ ಮನಸ್ಸು ಚುಚ್ಚುತ್ತಲೇ ಇತ್ತು, ಪಾಪ. ಅಕ್ಕನಿಗೆ ಅವನು ಇದುವರೆಗೆ ಮೋಸ ಮಾಡಿದವನೇ ಅಲ್ಲ.

ಸಂಜೆ ಅಕ್ಕ ಬಂದವಳೇ ಚೀಲ ಕೂಡ ಇಳಿಸದೆ ಬಾಲ್ಕನಿಗೆ ನಡೆದಳು. ಗಿಡ ನೋಡಿದಳು. ಕಣ್ಣು ಉಜ್ಜಲು ಹೋಗಿ, ಡಾಕ್ಟರ ಮಾತು ನೆನಪಾಗಿ ಕೈ ತಡೆದಳು.

"ಅಯ್ಯೋ, ನಂಗೆ ಕೆಂಪಗೆ ಕಾಣ್ತಿದೆಯಲ್ಲೋ! ನಾನು ಹಾಕಿದ್ದು ಹಳದಿ ಹಣ್ಣಿನ ಬೀಜ. ಹಣ್ಣು ಹಳದಿ ತಾನೆ?"

ಟೈಲರ್ ಪಕ್ಕದ ಬಾಲ್ಕನಿಯಲ್ಲಿದ್ದ ಮೇಷ್ಟ್ರತ್ತ ಕಣ್ಣು ಹಾಯಿಸಿದ. ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪಲಿಲ್ಲ. "ಹೌದಮ್ಮಾ, ಅಪ್ಪಟ ಹಳದಿ!"

ಅಕ್ಕ ಹೊಸ್ತಿಲ ಮೇಲೆ ಕುಸಿದು ಕೂತಳು. "ಹಾಗಾದ್ರೆ ಕಣ್ಣೇ ಕೆಟ್ಟೋಯ್ತು. ಇನ್ನೊಂದು ಕಣ್ಣಿಗೆ ಆಪರೇಷನ್ ಬೇಡವೇ ಬೇಡ ಕಣೋ..."

ಟೈಲರಿಗೆ ತಡೆಯಲಾಗಲಿಲ್ಲ. ದಾರ ಕಿತ್ತು ಅವಳ ಕೈಗಿಟ್ಟ. "ಅಕ್ಕಾ, ನಿನ್ನ ಕಣ್ಣು ಸರಿಯಾಗೇ ಇದೆ. ನಿನ್ನ ತಮ್ಮನೇ ಸರಿ ಇಲ್ಲ." ಕೋಟು ಬಿದ್ದದ್ದನ್ನೂ ಹಣ್ಣು ಕಟ್ಟಿದ್ದನ್ನೂ ಅಳುತ್ತಲೇ ಹೇಳಿದ.

ಅಕ್ಕ ದಾರದ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಅವನ ತಲೆ ಸವರಿದಳು.

"ಒಡೆದ್ರೆ ಒಡೀಲಿ ಬಿಡು, ಹಣ್ಣಾಗಿತ್ತಲ್ಲ, ಬೀಜ ಬಲಿತಿರುತ್ತೆ. ಮತ್ತೆ ಬೆಳೆದ್ರಾಯ್ತು. ಹೋಗು, ಆ ಒಡೆದಿದ್ದನ್ನ ತಗೊಂಡ್ ಬಾ."

ಟೈಲರ್ ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.