ಬಾಟಲಿ ಬಿಡದ ಮೀಸೆ ಮಾಮ

ಅಂಟಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ನಂಬದೆ ಏನು ಮಾಡಲಿ? ಲೇಬಲ್ ಕಾರ್ಖಾನೆಯಲ್ಲಿ ನಾನು ಅಂಟು ಪರೀಕ್ಷಕ! ತಣ್ಣನೆಯ ಕೋಣೆಯಲ್ಲಿ ಕುಳಿತು, ಗಾಜಿನ ತುಂಡಿಗೆ ಲೇಬಲ್ ಮೆತ್ತಿ, ತುದಿಯನ್ನು ಉಗುರಿನಿಂದ ಮೀಟುತ್ತೇನೆ. ಮಿಸುಕದಿದ್ದರೆ 'ಪಾಸ್' ಎಂದು ಮುದ್ರೆ ಒತ್ತುತ್ತೇನೆ. ಆ ಮುದ್ರೆಯ ಮುಂದೆ ಮ್ಯಾನೇಜರ್ ಕೂಡ ತುಟಿ ಬಿಚ್ಚುವುದಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ನನ್ನವಳು ಅಡುಗೆಮನೆ ಕಟ್ಟೆಯ ತುಂಬ ಖಾಲಿ ಜ್ಯಾಮ್ ಬಾಟಲಿಗಳನ್ನು ಜೋಡಿಸಿಕೊಂಡು, "ಒಂದು ಹಳೇ ಬ್ಲೇಡ್ ಇದ್ರೆ ಹುಡುಕಿಕೊಡಿ, ಇವುಗಳ ಲೇಬಲ್ ಕೆರೀಬೇಕು" ಎಂದಳು. ನನಗೆ ನಗು ತಡೆಯಲಾಗಲಿಲ್ಲ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ನೀನು ಆಚೆ ಸರಿ. ಅಂಟಿಸೋ ಗುಟ್ಟು ಗೊತ್ತಿರೋನಿಗೆ ಬಿಡಿಸೋ ಗುಟ್ಟು ಗೊತ್ತಿರಲ್ವಾ?"

"ಸಂಜೆ ಒಳಗೆ ಆಗ್ಬೇಕು ಕಣ್ರೀ. ಮೇಣ ಸುರಿದ್ರೆ ರಾತ್ರಿಯೆಲ್ಲಾ ಆರಬೇಕು."

ವಿಷಯ ಇಷ್ಟೇ. ಮರುದಿನ ವಾಚನಾಲಯದ ಹಾಲ್‌ನಲ್ಲಿ ಮನೆಯಲ್ಲೇ ತಯಾರಿಸಿದ ವಸ್ತುಗಳ ಮಾರಾಟ. ನನ್ನವಳು ಮೇಣ ಕರಗಿಸಿ, ಪರಿಮಳ ಬೆರೆಸಿ, ಬೆರಳು ಸುಟ್ಟುಕೊಂಡು ಮೇಣದ ದೀಪ ಮಾಡುವುದನ್ನು ಕಲಿತಿದ್ದಳು. ಬೇಡಿ ಬೇಡಿ ಕೊನೆಗೂ ಅರ್ಧ ಮೇಜು ಗಿಟ್ಟಿಸಿಕೊಂಡಿದ್ದಳು.

"ಜ್ಯಾಮ್ ಬಾಟಲೀಲಿ ದೀಪ ಇಟ್ಕೊಂಡು ಬಂದಿದ್ದಾಳೆ ಅಂತ ನೋಡಿದೋರು ನಗಬಾರದು. ನನಗೆ ಅಷ್ಟೇ ಬೇಕಾಗಿರೋದು" ಎಂದಳು. ನಾನು ತೋಳೇರಿಸಿದೆ!

ಪ್ರತಿ ಬಾಟಲಿಯ ಮೇಲೂ ಒಬ್ಬ ಮೀಸೆ ಮಾಮ. ತಲೆಗೆ ಟೊಪ್ಪಿ, ಕೆಂಪು ಕೆನ್ನೆ, ಕುಡಿ ತಿರುವಿದ ಮೀಸೆ, ಅದರ ಕೆಳಗೆ ಬಾಯಿ ತುಂಬ ನಗು. ಮೊದಲು ಉಗುರು ಹಾಕಿದೆ. ಉಗುರು ಬಂತು, ಮಾಮ ಬರಲಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿದೆ. ಟೊಪ್ಪಿ ಕಳಚಿತು, ಸ್ನಾನಕ್ಕೆ ಕುಳಿತವನಂತೆ ಮಾಮ ಇನ್ನೂ ಹಾಯಾಗಿ ನಕ್ಕ. ಎಣ್ಣೆ ಸವರಿದೆ. ಕೆನ್ನೆ ಹೋಯಿತು. ವಿನಿಗರ್ ಸುರಿದೆ, ಉಪ್ಪು ತಿಕ್ಕಿದೆ, ನನ್ನವಳ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಊದಿದೆ. ಕಣ್ಣು, ಮೂಗು, ಕತ್ತು ಎಲ್ಲವೂ ಒಂದೊಂದಾಗಿ ಇಹಲೋಕ ತ್ಯಜಿಸಿದವು. ಮೀಸೆ ಮತ್ತು ನಗು ಮಾತ್ರ ಹಾಗೇ ಉಳಿದವು! ಎಲ್ಲ ಬಾಟಲಿಗಳ ಮೇಲೂ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಕಣ್ಣಾರೆ ಕಂಡವನು ಬಹುಶಃ ನಾನೊಬ್ಬನೇ.

ನಿಜ ಹೇಳುತ್ತೇನೆ, ಆಗ ನನಗೆ ಸಿಟ್ಟು ಬರಲಿಲ್ಲ. ಮೈ ಜುಮ್ಮೆಂದಿತು. ಕಿಟಕಿಯ ಬೆಳಕಿಗೆ ಬಾಟಲಿ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ದಪ್ಪವಿಲ್ಲದ ಪದರ! ನೀರು ತಟ್ಟದು, ಬೆಂಕಿ ಮುಟ್ಟದು! ಎಂಥ ಅಂಟು! ಮಹಾಸಾಗರದ ಮುಂದೆ ನಿಂತ ಲೋಟದಂತೆ ನಾನು ಆ ಮೀಸೆಯ ಮುಂದೆ ನಿಂತೆ. ಇದನ್ನು ಕುದಿಸಿದ ಪುಣ್ಯಾತ್ಮ ಯಾವ ಊರಿನವನೋ! ನಾನು ಇಷ್ಟು ಕಾಲ ಪಾಸ್ ಮಾಡಿದ್ದೆಲ್ಲ ಇದರ ಮುಂದೆ ಬರೀ ಎಂಜಲು!

ಈ ಭಾವಾವೇಶದಲ್ಲಿ ಅಂಗೈಗೆ ಮೆತ್ತಿದ್ದ ಜಿಗುಟನ್ನು ಉಜ್ಜಿ ತೆಗೆಯಲು ಎರಡು ಕೈ ಜೋಡಿಸಿದೆ. ಜೋಡಿಸಿದ್ದು ಜೋಡಿಯಾಗಿಯೇ ಉಳಿಯಿತು!

ಅಷ್ಟು ಹೊತ್ತಿಗೆ ನನ್ನ ಅತ್ತೆಯವರು ನೀರು ಕುಡಿಯಲು ಒಳಗೆ ಬಂದರು. ಎದೆಯ ಹತ್ತಿರ ಕೈ ಮುಗಿದು, ಬೆವರುತ್ತ ನಿಂತ ಅಳಿಯನನ್ನು ಕಂಡು ಗಕ್ಕನೆ ನಿಂತರು.

"ಅಂತೂ ನಿಮಗೂ ಒಳ್ಳೇ ಬುದ್ಧಿ ಬಂತಲ್ಲಪ್ಪಾ! ಮಗಳೇ, ಬಾ ಇಲ್ಲಿ! ನಿನ್ನ ಗಂಡ ನಂಗೆ ಕೈ ಮುಗೀತಿದ್ದಾರೆ!"

"ಮುಗೀತಿಲ್ಲ ಅತ್ತೆ, ಬಿಡಿಸ್ಕೊಳ್ತಿದ್ದೀನಿ!"

ಸರಿಯಾಗಿ ಆಗಲೇ ಫೋನು ಹೊಡೆದುಕೊಳ್ಳಬೇಕೆ? ಅತ್ತೆಯವರೇ ಅದನ್ನೆತ್ತಿ ನನ್ನ ಕಿವಿಗೆ ಒತ್ತಿದರು. ಮ್ಯಾನೇಜರ್!

"ಮೀಸೆ ಮಾಮನ ಜ್ಯಾಮ್ ಕಂಪನಿಯವರು ಲೇಬಲ್ ಮಾಡಿಸೋ ಕಡೆ ಬದಲಾಯಿಸ್ತಾರಂತೆ. ನಾವು ನುಗ್ಗಬೇಕು. ಅವರ ಈಗಿನ ಅಂಟು ಹೇಗಿದೆ, ನಿಮಗೆ ಪರಿಚಯ ಇದೆಯಾ?"

"ಬಿಡಿಸಲಾರದ ನಂಟು ಸಾರ್."

"ನಮ್ಮದಕ್ಕಿಂತ ಗಟ್ಟಿನಾ?"

ಮೀಸೆ ಮಾಮ ಕಟ್ಟೆಯ ಮೇಲಿಂದ ನನ್ನನ್ನೇ ನೋಡಿ ನಗುತ್ತಿದ್ದ. ಸತ್ಯ ನಾಲಿಗೆಯ ತುದಿಗೆ ಬಂತು. ಆದರೆ ನಾನು ಅಂಟು ಪರೀಕ್ಷಕ! "ಅದೇನ್ ಮಹಾ ಸಾರ್! ನಮ್ಮದರ ಕಾಲಿನ ಧೂಳು!" ಎಂದುಬಿಟ್ಟೆ.

"ಹಾಗಂತ ಬರೆದು ಕೊಡ್ತೀರಾ?"

"ಖಂಡಿತ ಸಾರ್! ಕೈ ಬಿಡುವಾದ ತಕ್ಷಣ!"

ಅರ್ಧ ಸೀಸೆ ಎಣ್ಣೆ ಸುರಿದು ತಾಯಿ ಮಗಳು ಒಂದೊಂದು ಕೈ ಹಿಡಿದು ಎಳೆದರು. ಹಗ್ಗ ಜಗ್ಗಾಟದಲ್ಲಿ ಹಗ್ಗ ಏನನ್ನು ಅನುಭವಿಸುತ್ತದೆಂದು ಅಂದು ತಿಳಿಯಿತು. ಕೈ ಬಿಟ್ಟ ಮೇಲೆ ನನ್ನವಳು ಬಾಟಲಿಗಳತ್ತ ತಿರುಗಿದಳು. ಸಾಲಾಗಿ ಮೀಸೆ, ಸಾಲಾಗಿ ನಗು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬದಲಿಗೆ ಮೇಣದ ಪಾತ್ರೆಯನ್ನು ಒಲೆಯ ಮೇಲಿಟ್ಟಳು.

"ನೋಡು, ನಮ್ಮ ಕಾರ್ಖಾನೆಯ ಬಿಳೀ ಲೇಬಲ್ ಇದೆ ಬ್ಯಾಗಲ್ಲಿ" ಎಂದು ತೊದಲಿದೆ. "ಮೀಸೆ ಮೇಲೆ ಅಂಟಿಸಿಬಿಡೋಣ. ಅದರ ಮೇಲೆ ನೀನು ಪರಿಮಳದ ಹೆಸರು ಬರಿ. ಪ್ರಳಯ ಆದ್ರೂ ಬೀಳಲ್ಲ. ನಾನೇ ಪಾಸ್ ಮಾಡಿದ್ದು!"

ಮರುದಿನ ಹಾಲ್‌ನಲ್ಲಿ ನಮ್ಮ ಅರ್ಧ ಮೇಜು ಎಷ್ಟು ಅಂದವಾಗಿತ್ತೆಂದರೆ ನಾನೇ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತೆ. ಜನ ಸೇರಿದರು. ನನ್ನವಳು ದೀಪಗಳನ್ನು ಹಚ್ಚಿದಳು. ಗಾಜು ನಿಧಾನವಾಗಿ ಬೆಚ್ಚಗಾಯಿತು. ಆಮೇಲೆ ಮುಂದಿನ ಸಾಲಿನ ಮೊದಲ ಲೇಬಲ್ ಮೆಲ್ಲಗೆ ತಲೆಬಾಗಿ ಜಾರಿ ಬಾಟಲಿಯ ಪಾದಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಒಂದೂ ಉಳಿಯಲಿಲ್ಲ! ಒಳಗಿನ ಬೆಳಕಿನಲ್ಲಿ ಮೇಜಿನುದ್ದಕ್ಕೂ ಮೀಸೆಗಳು ಜಗಜಗಿಸಿದವು, ನಗೆಗಳು ಹೊಳೆದವು.

ಹಾಲ್‌ಗೆ ಹಾಲೇ ಗೊಳ್ಳೆಂದು ನಕ್ಕಿತು. ನನ್ನವಳ ಮುಖ ಸುಣ್ಣವಾಯಿತು. ನಾನು ಮೇಜಿನ ಕೆಳಗೆ ಎಷ್ಟು ಜಾಗವಿದೆಯೆಂದು ನೋಡತೊಡಗಿದೆ.

"ಅಯ್ಯೋ, ಎಷ್ಟು ಮುದ್ದಾಗಿದೆ! ನಗೋ ದೀಪ!" ಎಂದರು ಮುಂದೆ ನಿಂತಿದ್ದ ಟೀಚರಮ್ಮ. "ಈ ಮೀಸೆ ಬರೆದ ಕಲಾವಿದರು ಯಾರು?"

ನಾನು ಬಾಯಿ ತೆರೆಯುವ ಮುನ್ನ ನನ್ನವಳು ನನ್ನ ಕಾಲು ತುಳಿದು, "ನಮ್ಮ ಮನೆಯವರದ್ದೇ ಕೈಚಳಕ" ಎಂದಳು. ಮಧ್ಯಾಹ್ನದೊಳಗೆ ಮೇಜು ಖಾಲಿ! ಅದರ ಮೇಲೆ ಟೀಚರಮ್ಮ ತಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಇನ್ನಷ್ಟು ಬೇಕೆಂದರು, "ಮೀಸೆ ಇರಲೇಬೇಕು" ಎಂದು ಒತ್ತಿ ಒತ್ತಿ ಹೇಳಿದರು.

ವಾರ್ಷಿಕೋತ್ಸವ ಹತ್ತಿರ ಬಂದಾಗ ನಾನು ಬಿಸಿಲಿನಲ್ಲಿ ಹೋಗಿ ಚೀಲದ ತುಂಬ ಖಾಲಿ ಜ್ಯಾಮ್ ಬಾಟಲಿ ತಂದೆ. ಈ ಸಲ ಜಂಬ ಬೇರೆ: "ಮೀಸೆ, ನಗು ಬಿಟ್ಟು ಉಳಿದದ್ದೆಲ್ಲ ಬಿಡಿಸೋ ವಿದ್ಯೆ ಜಗತ್ತಲ್ಲಿ ನನಗೊಬ್ಬನಿಗೇ ಗೊತ್ತು!"

ನನ್ನವಳು ಚೀಲಕ್ಕೆ ಕೈ ಹಾಕಿ ಒಂದು ಬಾಟಲಿ ತೆಗೆದಳು. ಬೋಳು! ಇನ್ನೊಂದು ತೆಗೆದಳು. ಅದೂ ಕನ್ನಡಿಯಂತೆ ಥಳಥಳ. ಉಳಿದ ಬಾಟಲಿಗಳನ್ನೂ ತೆಗೆದಿಟ್ಟು ಚೀಲ ಬೋರಲು ಹಾಕಿದಳು. ಟೊಪ್ಪಿ, ಕೆನ್ನೆ, ಮೀಸೆ ಸಮೇತ ಅಷ್ಟೂ ಮಾಮಂದಿರು ಒಂದು ಗೀರೂ ಇಲ್ಲದೆ ನೆಲಕ್ಕೆ ಉದುರಿ, ನನ್ನತ್ತ ನೋಡಿ ನಕ್ಕರು.

"ಇದ್ಯಾಕ್ರೀ ಹೀಗೆ?"

ನಾನು ತಲೆ ತಗ್ಗಿಸಿದೆ. "ಜ್ಯಾಮ್ ಕಂಪನಿ ಈಗ ನಮ್ಮ ಗಿರಾಕಿ. ಹೋದ ತಿಂಗಳಿಂದ ಲೇಬಲ್ ನಮ್ಮದೇ."

"ಪಾಸ್ ಮಾಡಿದ್ದು?"

ಒಳಗಿನಿಂದ ಅತ್ತೆಯವರ ಕೆಮ್ಮು ಕೇಳಿಸಿತು. ನನ್ನವಳು ಒಂದು ಕತ್ತರಿ ತಂದು ನನ್ನ ಮುಂದಿಟ್ಟಳು. "ಕೂತ್ಕೊಳ್ಳಿ. ಒಂದೊಂದೇ ಮೀಸೆ, ಒಂದೊಂದೇ ನಗು ಕತ್ತರಿಸಿ ಅಂಟಿಸಿ."

"ಯಾವ ಅಂಟಲ್ಲಿ?" ಎಂದೆ ಸಣ್ಣ ದನಿಯಲ್ಲಿ.

"ಯಾವುದಾದ್ರೂ ಸರಿ" ಎಂದಳು, "ನೀವು ಪಾಸ್ ಮಾಡದೇ ಇರೋದು!"