ಬೆಟ್ಟಯ್ಯನವರ ಅರ್ಜಿಯ ವಿಲೇವಾರಿ

ಅಶೋಕಪುರಂನಲ್ಲಿರುವ ನಮ್ಮ ಮಣ್ಣು ಜೀವವರ್ಧನ ಮಂಡಳಿಯ ಆವರಣದಲ್ಲಿ ಮಣ್ಣು ಇಲ್ಲ. ಗಣ್ಯರ ಬೂಟಿಗೆ ಕೆಸರು ಹತ್ತಬಾರದೆಂಬ ಸದುದ್ದೇಶದಿಂದ ಗೇಟಿನಿಂದ ಹಿತ್ತಿಲವರೆಗೆ ಟೈಲ್ಸ್ ಹಾಸಲಾಗಿದೆ. ಮಣ್ಣು ನೋಡಬಯಸುವವರಿಗೆ ಗೋಡೆಯ ಮೇಲೆ ಅದರ ಫೋಟೊ ಇದೆ.

ಈ ಮಂಡಳಿಗೆ ಮಂಡಕಳ್ಳಿಯ ಬೆಟ್ಟಯ್ಯನವರು ಎರೆಹುಳು ಬೇಕೆಂದು ಅರ್ಜಿ ಹಾಕಿದರು. ಅಂಗಡಿ ಗೊಬ್ಬರ ಸುರಿದೂ ಸುರಿದೂ ಅವರ ಹೊಲ ಗಾರೆಯಂತಾಗಿತ್ತು. ಅವರೆಕಾಳು ಬಿತ್ತುವ ಮೊದಲು ಅದಕ್ಕೆ ಜೀವ ಬರಬೇಕಿತ್ತು. ಹುಳುಗಳೇನೋ ಬೇಗ ಬಂದವು. ಆದರೆ ಗಣ್ಯರು ಉದ್ಘಾಟಿಸದ ಹುಳುವನ್ನು ವಿತರಿಸುವಂತಿಲ್ಲ. ಗಣ್ಯರು ಬರಲಿಲ್ಲ.

"ಬಿತ್ನೆ ಹೊತ್ತು ಮೀರೋಯ್ತದೆ ಸಾ," ಎಂದು ಬೆಟ್ಟಯ್ಯ ಗೋಗರೆದರು.

"ಹುಳುಗಳೇ ಸುಮ್ಮನೆ ಕಾಯ್ತಿವೆ, ನಿಮಗೇನ್ರೀ ಅವಸರ?" ಎಂದರು ಅಧಿಕಾರಿ ಮೃತ್ಯುಂಜಯ.

ಹುಳುಗಳು ಸುಮ್ಮನೆ ಕಾಯುತ್ತಿರಲಿಲ್ಲ. ಟೈಲ್ಸ್ ಮೇಲೆ ಬಿಡಲು ಮನಸ್ಸಾಗದೆ ಗುಮಾಸ್ತೆ ಸುಚಿತ್ರಾ ಅವನ್ನು ದಾಖಲೆ ಕೊಠಡಿಯಲ್ಲಿ ಇರಿಸಿದ್ದರು. ಅಲ್ಲಿ ಸೂರು ಸೋರುವುದು ವಾಡಿಕೆ. ನೆಂದ ಕಡತಗಳನ್ನು ಹುಳುಗಳು, ಕೈಗಳಿಲ್ಲದಿದ್ದರೂ, ಒಂದೊಂದಾಗಿ ಕೈಗೆತ್ತಿಕೊಂಡವು. ಬೆಟ್ಟಯ್ಯನವರ ಅರ್ಜಿ, ಅದರ ಮೇಲಿನ ಷರಾ, ಷರಾದ ಮೇಲಿನ ಆಕ್ಷೇಪಣೆ ಎಲ್ಲವೂ ಕಪ್ಪಗೆ ಪುಡಿಪುಡಿಯಾಗಿ ಒಳ್ಳೆಯ ಗೊಬ್ಬರವಾದವು. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ಪ್ರಗತಿ ಕಂಡಿರಲಿಲ್ಲ.

"ಅರ್ಜಿಯೇ ಇಲ್ಲದವರಿಗೆ ಹುಳು ಕೊಡೋಕಾಗಲ್ಲ," ಎಂದು ಮೃತ್ಯುಂಜಯ ವಿಷಾದಿಸಿದರು.

ಬೆಟ್ಟಯ್ಯ ಆ ಗೊಬ್ಬರವನ್ನು ಒಂದು ಹಿಡಿ ಎತ್ತಿ ಮೂಸಿದರು. "ಅರ್ಜಿ ಎಲ್ಲೋಯ್ತದೆ ಸಾ? ಇದ್ರೊಳಗೇ ಅದೆ. ವಾಪಸ್ ಕೊಟ್ಬುಡಿ, ಒಂಟೋಯ್ತೀನಿ."

"ಅರ್ಜಿ ವಾಪಸ್ ಕೊಡೋಕೆ ಉದ್ಘಾಟನೆ ಬೇಕಿಲ್ಲ ಸರ್," ಎಂದರು ಸುಚಿತ್ರಾ.

"ಸರಿ, ಆದ್ರೆ ಒಳಗೆ ಹರಿದಾಡ್ತಿರೋ ಹುಳುಗಳು?"

"ಅವು ಲಗತ್ತುಗಳು ಸರ್."

ಮೃತ್ಯುಂಜಯರ ಮುಖ ಅರಳಿತು. 'ಅರ್ಜಿಯನ್ನು ಲಗತ್ತುಗಳ ಸಮೇತ ಹಿಂದಿರುಗಿಸಿದೆ' ಎಂದು ಬರೆದು ಸಹಿ ಹಾಕಿದರು. ಬೆಟ್ಟಯ್ಯ ಗೊಬ್ಬರದ ಚೀಲವನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹೊರಟಾಗ ನನಗೂ ಖುಷಿಯಾಯಿತು. ಆ ಸಲ ಅವರ ಅವರೆ ಸೊಗಸಾಗಿ ಬಂತು.

ಉಳಿದ ಹುಳುಗಳು ದಾಖಲೆ ಕೊಠಡಿಯಲ್ಲೇ ಸೇವೆ ಮುಂದುವರಿಸಿವೆ. ಈಗ ನಮ್ಮ ಬಾಗಿಲಲ್ಲಿ ಪ್ರಕಟಣೆ ಇದೆ: "ಅರ್ಜಿಗೆ ಲ್ಯಾಮಿನೇಷನ್ ಮಾಡಿಸತಕ್ಕದ್ದಲ್ಲ. ಪಿನ್ನು ಚುಚ್ಚತಕ್ಕದ್ದಲ್ಲ, ಸಂಬಂಧಪಟ್ಟ ಸಿಬ್ಬಂದಿಯ ಜೀರ್ಣಶಕ್ತಿಗೆ ತೊಂದರೆಯಾಗುತ್ತದೆ." ಕಡತ ವಿಲೇವಾರಿಯಲ್ಲಿ ನಮ್ಮ ಮಂಡಳಿಗೇ ಮೊದಲ ಸ್ಥಾನ. ಸೂರು ರಿಪೇರಿಯ ಪ್ರಸ್ತಾವವನ್ನು ಸರ್ವಾನುಮತದಿಂದ ಕೈಬಿಡಲಾಗಿದೆ.

ಮೊನ್ನೆ ಬೆಟ್ಟಯ್ಯ ಮತ್ತೆ ಬಂದರು. ತಲೆದಿಂಬಿನಷ್ಟು ದಪ್ಪದ ಅರ್ಜಿ ತಂದಿದ್ದರು.

"ಇಷ್ಟೆಲ್ಲ ಏನ್ರೀ ಬರೆಸಿದ್ದೀರಿ?" ಎಂದರು ಮೃತ್ಯುಂಜಯ.

"ಈ ಸಲ ಎರಡೆಕ್ರೆಗೆ ಬೇಕಲ್ವಾ ಸಾ."

ಮೃತ್ಯುಂಜಯ ತೂಕ ನೋಡಿ, ಸ್ವೀಕೃತಿ ಮುದ್ರೆ ಒತ್ತಿ, ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸಿದರು.